ಮಾಯೆಯ ಸಿನಿಮಾ, ಕಹಿ ನಗುವಿನ ಸಿನಿಮಾ: ಮತ್ತೆ ನೋಡಿದರೆ ಯಾವುದು ನಿಲ್ಲುತ್ತದೆ?

ಬದಿಯಡ್ಕದ ಓದುಗ

ಒಂದು ವಿಷಯ ಎತ್ತುತ್ತೇನೆ, ಎಲ್ಲರೂ ಬರೆಯಿರಿ. ಹಳೆಯ ಮಾಯೆ ಮಂತ್ರದ ಸಿನಿಮಾಗಳು, ಸಾವಿನ ಮನೆಯಲ್ಲೂ ನಗು ಬರಿಸುವ ಸಿನಿಮಾಗಳು, ಕಥೆಯಿಂದ ನಾಟಕದಿಂದ ತೆರೆಗೆ ಬಂದಂಥವು. ಇವುಗಳಲ್ಲಿ ಯಾವುದು ಈಗ ನೋಡಿದರೂ ಹಿಡಿದು ಕೂರಿಸುತ್ತದೆ? ಯಾವುದು ಸಪ್ಪೆಯಾಗಿದೆ? ಯಾಕೆ?

ನನ್ನದು ಮೊದಲು. ಜಿ. ಅರವಿಂದನ್ ಅವರ ಮಲಯಾಳ ಸಿನಿಮಾ 'ಕುಮ್ಮಾಟ್ಟಿ', 1979ರದ್ದು. ಇದರ ಚಿತ್ರೀಕರಣ ನಡೆದದ್ದು ನಮ್ಮ ಕಾಸರಗೋಡಿನ ಚೀಮೇನಿಯಲ್ಲಿ ಅಂತ ಇಲ್ಲಿನವರಿಗೇ ಜಾಸ್ತಿ ಜನಕ್ಕೆ ಗೊತ್ತಿಲ್ಲ. ಆಗ ಕಾಸರಗೋಡು ಜಿಲ್ಲೆಯೇ ಆಗಿರಲಿಲ್ಲ, ಅದು 1984ರಲ್ಲಿ ಆದದ್ದು. ಛಾಯಾಗ್ರಹಣ ಶಾಜಿ ಎನ್. ಕರುಣ್ ಅವರದ್ದು. ಬಣ್ಣ ಮಾಸಿದ ಪ್ರತಿ ನೋಡಿದವರು ದಯವಿಟ್ಟು ಮತ್ತೊಮ್ಮೆ ನೋಡಿ, 2021ರಲ್ಲಿ ಫಿಲಂ ಹೆರಿಟೇಜ್ ಫೌಂಡೇಶನ್, ಮಾರ್ಟಿನ್ ಸ್ಕಾರ್ಸೆಸಿಯವರ ಫಿಲಂ ಫೌಂಡೇಶನ್ ಮತ್ತು ಇಟಲಿಯ ಬೊಲೊನ್ಯಾದ ಸಿನೆಟೆಕಾ ಸೇರಿ ಅದನ್ನು ಸರಿಮಾಡಿಸಿದ್ದಾರೆ. ಪದವಿನ ಮುಳಿಹುಲ್ಲು, ಆ ದೊಡ್ಡ ಆಕಾಶ, ಎಲ್ಲ ಈಗ ಕಾಣುತ್ತದೆ.

ಕಥೆ ಇಷ್ಟೇ. ಹಾಡುತ್ತಾ ಕುಣಿಯುತ್ತಾ ಒಬ್ಬ ಮುದುಕ ಊರಿಗೆ ಬರುತ್ತಾನೆ, ಅವನೇ ಕುಮ್ಮಾಟ್ಟಿ. ಮಕ್ಕಳಿಗೆ ಮೊದಲು ಹೆದರಿಕೆ, ಆಮೇಲೆ ಸಲಿಗೆ. ಹೋಗುವ ದಿನ ಆಟಕ್ಕೆಂದು ಮಕ್ಕಳನ್ನೆಲ್ಲ ಪ್ರಾಣಿಗಳಾಗಿ ಮಾಡಿ, ಮತ್ತೆ ಮಕ್ಕಳಾಗಿ ಮಾಡುತ್ತಾನೆ. ಆದರೆ ನಾಯಿಯಾದ ಚಿಂದನ್ ಅಷ್ಟರೊಳಗೆ ಓಡಿಹೋಗಿರುತ್ತಾನೆ. ಅವನು ನಾಯಿಯಾಗಿಯೇ ಉಳಿಯುತ್ತಾನೆ. ಪೇಟೆಯ ಮನೆಯೊಂದನ್ನು ಸೇರಿ, ಅಲ್ಲಿಂದ ಹೊರಬಿದ್ದು, ತನ್ನ ಮನೆಗೆ ಬರುತ್ತಾನೆ. ತಾಯಿಗೆ ಗುರುತು ಸಿಗುತ್ತದೆ. ಮುಂದೇನು? ಕುಮ್ಮಾಟ್ಟಿ ಮತ್ತೆ ಬರುವವರೆಗೆ ಕಾಯುವುದು. ಅಷ್ಟೇ.

ಆ ತಾಯಿ "ಇದು ಹೇಗೆ ಸಾಧ್ಯ" ಅಂತ ಒಂದು ಮಾತೂ ಕೇಳುವುದಿಲ್ಲ. ಗಂಜಿ ಹಾಕುತ್ತಾಳೆ. ನನ್ನ ವಾದವೂ ಇದೇ. ಮಾಯೆಯನ್ನು ಮಳೆ ಬಂದ ಹಾಗೆ ತೋರಿಸಿದ ಸಿನಿಮಾ ಹಳತಾಗುವುದಿಲ್ಲ. ಕಾರಣ ಕೊಡಲು ಹೊರಟ ಕೂಡಲೇ ಅದಕ್ಕೆ ವಯಸ್ಸಾಗಲು ಶುರು.

ಉಪ್ಪಳ ಗೇಟ್

ಕುಮ್ಮಾಟ್ಟಿ ಬಗ್ಗೆ ಹೇಳಿದ್ದೆಲ್ಲ ಸರಿ, ಆದರೆ ಆ ಕೊನೆಯ ವಾಕ್ಯ ನಾನು ಒಪ್ಪುವುದಿಲ್ಲ ಮಾರಾಯ್ರೆ. 'ಮಣಿಚಿತ್ರತ್ತಾಳ್' ಉಂಟಲ್ಲ? 1993ರದ್ದು. ಅದರಲ್ಲಿ ಎಲ್ಲದಕ್ಕೂ ಕಾರಣ ಕೊಡುತ್ತಾರೆ. ಭೂತವೂ ಇಲ್ಲ ಪ್ರೇತವೂ ಇಲ್ಲ, ಹಳೆ ಕಾಲದ ನರ್ತಕಿ ನಾಗವಲ್ಲಿ ತಾನೇ ಅಂದುಕೊಳ್ಳುವ ಗಂಗಾ ಎಂಬ ಹುಡುಗಿಯ ಮನಸ್ಸಿನ ಕಾಯಿಲೆ ಅಂತ ಡಾಕ್ಟರ್ ಸನ್ನಿ ಕೂತು ಬಿಡಿಸಿ ಹೇಳುತ್ತಾನೆ. ಹಾಗಂತ ಆ ಸಿನಿಮಾ ಹಳತಾಯಿತಾ? 2024ರಲ್ಲಿ ಮತ್ತೆ ಥಿಯೇಟರಿಗೆ ಬಂದಾಗ ಅದು ಬಂದಾಗ ಹುಟ್ಟೇ ಇರದ ಮಕ್ಕಳು ಹೋಗಿ ನೋಡಿದರು.

ಅದರ ಮೊದಲ ಅರ್ಧ ಗಮನಿಸಿ. ಬರೀ ತಮಾಷೆ. ಇನ್ನೊಸೆಂಟ್, ನೆಡುಮುಡಿ ವೇಣು, ಪಪ್ಪು, ಒಬ್ಬೊಬ್ಬರೂ ಹೆದರಿ ನಗಿಸುತ್ತಾರೆ. ಮನೆಯವರೆಲ್ಲ ಹೆದರುವುದನ್ನು ನೋಡಿ ನಾವು ನಗುತ್ತಾ ಇರುತ್ತೇವೆ, ನಮಗೆ ಗೊತ್ತಿಲ್ಲದ ಹಾಗೆ ಆ ನಗು ಹೆದರಿಕೆಯಾಗುತ್ತದೆ. ಶೋಭನಾ ಮಂಚ ಎತ್ತುವ ದೃಶ್ಯ ಬರುವಾಗ ನಗುವವರು ಯಾರೂ ಇರುವುದಿಲ್ಲ. ಫಾಜಿಲ್ ನಿರ್ದೇಶಕರಾದರೂ ಸಮಯ ಸಾಲದೆ ಪ್ರಿಯದರ್ಶನ್, ಸಿಬಿ ಮಲಯಿಲ್, ಸಿದ್ದಿಕ್-ಲಾಲ್ ಕೂಡ ಭಾಗ ಭಾಗ ಚಿತ್ರೀಕರಿಸಿದರು. ಅಷ್ಟು ಕೈ ಬಿದ್ದರೂ ಒಂದೇ ಉಸಿರಿನಲ್ಲಿ ಹೇಳಿದ ಹಾಗೆ ಉಂಟು. ಅದಕ್ಕೆ ಮಧು ಮುಟ್ಟಂ ಬರೆದ ಚಿತ್ರಕಥೆ ಕಾರಣ ಅಂತ ನನ್ನ ಲೆಕ್ಕ.

ಇನ್ನು ನಮ್ಮ 'ಆಪ್ತಮಿತ್ರ', 2004. ಅದೇ ಕಥೆ, ಪಿ. ವಾಸು ನಿರ್ದೇಶನ. ಅಲ್ಲಿ ಕಾಯಿಲೆಯ ವಿವರಣೆಯೂ ಉಂಟು, ಜೊತೆಗೆ ದೊಡ್ಡ ಹಾವೂ ಉಂಟು. ಎರಡು ದೋಣಿಯಲ್ಲಿ ಕಾಲು. ನನಗೆ ಅದು ಹಿಡಿಸಲಿಲ್ಲ.

ಸೀತಾಂಗೋಳಿ

ಆಪ್ತಮಿತ್ರವನ್ನು ಅಷ್ಟು ಸುಲಭದಲ್ಲಿ ತಳ್ಳಬೇಡಿ. ಸೌಂದರ್ಯ ಅವರು ಏಪ್ರಿಲ್‌ನಲ್ಲಿ ತೀರಿಕೊಂಡರು, ಸಿನಿಮಾ ಬಂದದ್ದು ಆಗಸ್ಟ್‌ನಲ್ಲಿ. ತೆರೆಯ ಮೇಲೆ ನಾಗವಲ್ಲಿಯಾಗಿ ಕುಣಿಯುತ್ತಿರುವವರು ಈಗಿಲ್ಲ ಅಂತ ಗೊತ್ತಿದ್ದೇ ನಾವು ನೋಡಿದೆವು. ನಮ್ಮ ಮನೆಯಲ್ಲಿ ಯಾರೂ ಮಾತಾಡದೆ ನೋಡಿದ ಸಿನಿಮಾ ಅದು. ಶೋಭನಾಗೆ ರಾಷ್ಟ್ರಪ್ರಶಸ್ತಿ ಬಂತು, ಸರಿಯಾಗಿಯೇ ಬಂತು. ಆದರೆ ಸೌಂದರ್ಯರ ಕಣ್ಣು ಕೂಡ ಮರೆಯುವಂಥದ್ದಲ್ಲ.

ಬದಿಯಡ್ಕದ ಓದುಗ

ಉಪ್ಪಳದವರೇ, ನೀವೇ ನನ್ನ ವಾದಕ್ಕೆ ಬಲ ಕೊಟ್ಟಿರಿ. ಮಣಿಚಿತ್ರತ್ತಾಳ್‌ನಲ್ಲಿ ನಾವು ಮತ್ತೆ ಮತ್ತೆ ನೋಡುವುದು ಯಾವುದನ್ನು? ಡಾಕ್ಟರ ವಿವರಣೆಯನ್ನಾ? ಆ ನಾಟ್ಯ, ಆ ಬೀಗ, ದಕ್ಷಿಣದ ಕೋಣೆಯ ಬಾಗಿಲು. ಕೊನೆಗೆ ಗಂಗಾಳನ್ನು ಗುಣ ಮಾಡುವುದೂ ಮಾತ್ರೆಯಿಂದಲ್ಲ. ಮಂತ್ರವಾದಿಯನ್ನು ಕರೆಸಿ, ಮಂಡಲ ಬರೆಸಿ, ಅವಳ ಮುಂದೆ, ನಾಗವಲ್ಲಿಯನ್ನು ಕೊಂದ ಶಂಕರನ್ ತಂಬಿಯನ್ನು ಕಡಿಯುವ ಒಂದು ಆಟವನ್ನೇ ಕಟ್ಟುತ್ತಾರೆ. ಕಾಯಿಲೆ ಅಂತ ಹೇಳಿದವನೇ ಕೋಲ ನಡೆಸಿದ ಹಾಗಾಯಿತು. ವಿಜ್ಞಾನಕ್ಕೂ ಅಲ್ಲಿ ವೇಷ ಬೇಕಾಯಿತು ಅಲ್ವಾ?

ಪಯಸ್ವಿನಿ

ನಾನು ಬೇರೆ ಕಡೆಯಿಂದ ಬರುತ್ತೇನೆ. ಈ ಸಿನಿಮಾಗಳಲ್ಲಿ ಭೂತ ಹಿಡಿಯುವುದು ಯಾವಾಗಲೂ ಹೆಂಗಸಿಗೇ ಯಾಕೆ? ಮಣಿಚಿತ್ರತ್ತಾಳ್, ಆಪ್ತಮಿತ್ರ ಎರಡೂ ಹಾಗೆಯೇ. 1979ರ 'ನಾ ನಿನ್ನ ಬಿಡಲಾರೆ' ಮಾತ್ರ ಸ್ವಲ್ಪ ಬೇರೆ, ಅಲ್ಲಿ ಹಿಡಿಯುವುದು ಅನಂತನಾಗ್ ಪಾತ್ರವನ್ನು. ಆದರೂ ಹಿಡಿಯುವ ಪ್ರೇತ ಹೆಣ್ಣೇ.

ಅದಕ್ಕೇ ನನಗೆ 'ಭಾರ್ಗವೀನಿಲಯಂ' ಇಷ್ಟ. 1964. ವೈಕಂ ಮುಹಮ್ಮದ್ ಬಷೀರ್ ತಮ್ಮದೇ 'ನೀಲವೆಳಿಚ್ಚಂ' ಎಂಬ ಸಣ್ಣ ಕಥೆಯನ್ನು ಬೆಳೆಸಿ ಚಿತ್ರಕಥೆ ಬರೆದರು, ಎ. ವಿನ್ಸೆಂಟ್ ನಿರ್ದೇಶಿಸಿದರು. ಒಬ್ಬ ಲೇಖಕ ಬಾಡಿಗೆಗೆ ಹಾಳುಮನೆ ಹಿಡಿಯುತ್ತಾನೆ. ಅಲ್ಲಿ ಸತ್ತ ಹುಡುಗಿಯ ಪ್ರೇತ ಉಂಟು ಅಂತ ಊರಿಡೀ ಹೇಳುತ್ತದೆ. ಅವನು ಏನು ಮಾಡುತ್ತಾನೆ ಗೊತ್ತಾ? ಅವಳ ಜೊತೆ ಮಾತಾಡಲು ಶುರು ಮಾಡುತ್ತಾನೆ. ಭಾರ್ಗವಿ, ನಾನು ಇಲ್ಲಿ ಬರೆಯಲು ಬಂದವನು, ನಿನಗೆ ತೊಂದರೆ ಕೊಡುವುದಿಲ್ಲ ಅನ್ನುವ ಧಾಟಿಯಲ್ಲಿ. ಆ ಮಾತುಗಳಲ್ಲಿ ಬಷೀರರ ನಗು ಉಂಟು. ಓಡಿಸಲು ಮಂತ್ರವಾದಿ ಬರುವುದಿಲ್ಲ. ಅವಳ ಕಥೆಯನ್ನು ಅವನು ಬರೆಯುತ್ತಾನೆ, ಅವಳನ್ನು ಕೊಂದವರು ಯಾರು ಅಂತ ಆಗ ಹೊರಗೆ ಬರುತ್ತದೆ. ಪ್ರೇತಕ್ಕೆ ಬೇಕಾದದ್ದು ಕೇಳುವವರು. ಸುಮ್ನೆ ಹೆದರಿಸಲು ಬಂದವಳಲ್ಲ ಅವಳು.

ಮೂಲ ಕಥೆಯಲ್ಲಿ ಅವನ ದೀಪದ ಎಣ್ಣೆ ಮುಗಿಯುತ್ತದೆ. ಸೀಮೆಎಣ್ಣೆ ತರಲು ಹೋಗಿ ಬಂದು ನೋಡುವಾಗ ಕೋಣೆ ತುಂಬ ನೀಲಿ ಬೆಳಕು. ಬಷೀರ್ ಅದಕ್ಕೆ ಕಾರಣ ಹೇಳದೆ ಕಥೆ ನಿಲ್ಲಿಸುತ್ತಾರೆ. ಸಿನಿಮಾ ಕಪ್ಪು ಬಿಳುಪಿನದ್ದು, ನೀಲಿ ತೋರಿಸುವ ಹಾಗೆಯೇ ಇಲ್ಲ. ಆದರೂ ಬಾಬುರಾಜರ ಸಂಗೀತ, ನೆರಳು, ಲೇಖಕನಾಗಿ ನಟಿಸಿದ ಮಧು ಅವರ ಧ್ವನಿ ಇವಿಷ್ಟರಲ್ಲೇ ಆ ಮನೆ ಜೀವಂತವಾಗಿದೆ. 2023ರಲ್ಲಿ ಆಶಿಕ್ ಅಬು ಅದನ್ನು ಬಣ್ಣದಲ್ಲಿ ಮತ್ತೆ ಮಾಡಿದರು, ಟೊವಿನೊ ಥಾಮಸ್ ಲೇಖಕ. ಚೆಂದ ಉಂಟು, ಹಾಡುಗಳನ್ನೂ ಗೌರವದಿಂದ ಬಳಸಿದ್ದಾರೆ. ಆದರೆ ಎಲ್ಲ ಬಣ್ಣ ಇದ್ದೂ ನನ್ನ ಕಲ್ಪನೆಗೆ ಜಾಗ ಕಡಿಮೆಯಾಯಿತು.

ಹೆಣ್ಣಿನ ಕಡೆಯಿಂದ ನೋಡಿದರೆ 'ನಾಗಮಂಡಲ'ವೂ ಮುಖ್ಯ. ಕಾರ್ನಾಡರ ನಾಟಕ, 1997ರಲ್ಲಿ ನಾಗಾಭರಣ ಸಿನಿಮಾ ಮಾಡಿದರು. ಹಗಲು ಬರುವ ಗಂಡ ಮಾತೇ ಆಡದವನು, ರಾತ್ರಿ ಅದೇ ಮುಖ ಹೊತ್ತು ಬರುವ ನಾಗ ಪ್ರೀತಿಯವನು. ಎರಡೂ ಪ್ರಕಾಶ್ ರೈ. ಅವರು ಮೇಕಪ್ ಬದಲಿಸುವುದಿಲ್ಲ, ನಡಿಗೆ ಬದಲಿಸುತ್ತಾರೆ, ಕಣ್ಣು ಬದಲಿಸುತ್ತಾರೆ. ರಾಣಿಗೆ ಅನುಮಾನ ಬಂದರೂ ಅವಳು ಕೇಳುವುದಿಲ್ಲ, ಕೇಳಿದರೆ ಇರುವ ಸುಖವೂ ಹೋಗುತ್ತದೆ ಅಂತ. ಬದಿಯಡ್ಕದವರು ಹೇಳಿದ "ಕಾರಣ ಕೇಳದಿರುವುದು" ಇಲ್ಲಿ ಹೆಣ್ಣಿಗೆ ಬದುಕುವ ದಾರಿ. ಅದನ್ನು ಬರೀ ಸಿನಿಮಾ ಮಾಡುವ ಉಪಾಯ ಅಂತ ನೋಡಬೇಡಿ ಅಂತ ನನ್ನ ವಿನಂತಿ.

ಬದಿಯಡ್ಕದ ಓದುಗ

ಈ ಕೊನೆಯ ಮಾತು ತುಂಬ ದೊಡ್ಡದು. ನಾಗಮಂಡಲವನ್ನು ನಾನು ಆ ದಿಕ್ಕಿನಿಂದ ಇವತ್ತು ರಾತ್ರಿಯೇ ನೋಡುತ್ತೇನೆ. ಕಾರ್ನಾಡರೇ ನಿರ್ದೇಶಿಸಿದ 'ಚೆಲುವಿ' ನೋಡಿದ್ದೀರಾ? 1992ರ ಹಿಂದಿ ಸಿನಿಮಾ, ಸೋನಾಲಿ ಕುಲಕರ್ಣಿ. ಎ.ಕೆ. ರಾಮಾನುಜನ್ ಸಂಗ್ರಹಿಸಿದ ನಮ್ಮ ಕನ್ನಡದ ಜನಪದ ಕಥೆ, ಹೂವಿನ ಮರವಾಗುವ ಹುಡುಗಿಯದ್ದು. ಅಲ್ಲಿಯೂ ಅದೇ, ಹುಡುಗಿ ಮರವಾಗುವುದು ಯಾರಿಗೂ ಸಮಸ್ಯೆಯಲ್ಲ. ಹೂವು ಕಂಡವರ ಆಸೆ ಸಮಸ್ಯೆ.

ಮಂಜೇಶ್ವರದ ಮೇಷ್ಟ್ರು

ಎಲ್ಲರೂ ಭೂತದ ಹಿಂದೆ ಹೋದಿರಿ. ಕಹಿ ನಗುವಿನ ಸಿನಿಮಾಗಳನ್ನು ಕೇಳುವವರೇ ಇಲ್ಲ. ನಾನು ಬರೆಯುತ್ತೇನೆ, ಸ್ವಲ್ಪ ಉದ್ದವಾಗುತ್ತದೆ.

ಕೆ.ಜಿ. ಜಾರ್ಜ್ ಅವರ 'ಪಂಚವಡಿ ಪಾಲಂ', 1984. ವೇಳೂರ್ ಕೃಷ್ಣನ್‌ಕುಟ್ಟಿಯವರ ಕಥೆಯಿಂದ ಬಂದದ್ದು, ಸಂಭಾಷಣೆ ವ್ಯಂಗ್ಯಚಿತ್ರಕಾರ ಯೇಸುದಾಸನ್ ಅವರದ್ದು. ಪಂಚಾಯತ್ ಅಧ್ಯಕ್ಷನ ಹೆಸರು ದುಶ್ಶಾಸನ ಕುರುಪ್, ಹೆಂಡತಿ ಮಂಡೋದರಿ, ಹಿಂದೆ ಓಡಾಡುವವನು ಶಿಖಂಡಿ ಪಿಳ್ಳೆ. ಗಟ್ಟಿಯಾಗಿರುವ ಸೇತುವೆಯನ್ನು ಕೆಡವಿ, ದುಡ್ಡು ಹೊಡೆಯಲು ಹೊಸದು ಕಟ್ಟುತ್ತಾರೆ. ಮುಕ್ಕಾಲು ಸಿನಿಮಾ ಹೊಟ್ಟೆ ಹುಣ್ಣಾಗುವಷ್ಟು ನಗು. ಹೊಸ ಸೇತುವೆ ಕುಸಿಯುತ್ತದೆ, ಸಾಯುವುದು ಯಾರು? ಶ್ರೀನಿವಾಸನ್ ಮಾಡಿದ ಕಾಲಿಲ್ಲದ ಭಿಕ್ಷುಕ ಕಾತವರಾಯನ್. ಅದುವರೆಗೆ ನಾವು ನಕ್ಕದ್ದೆಲ್ಲ ಗಂಟಲಲ್ಲಿ ನಿಲ್ಲುತ್ತದೆ. ಆ ಸಾವು ಇಲ್ಲದಿದ್ದರೆ ಅದು ಒಂದು ಒಳ್ಳೆಯ ಪ್ರಹಸನವಾಗಿ ಮುಗಿಯುತ್ತಿತ್ತು.

ಅದರ ಪಕ್ಕ ಕಾಸರವಳ್ಳಿಯವರ 'ತಬರನ ಕಥೆ' ಇಡಿ. ತೇಜಸ್ವಿಯವರ ಕಥೆ, 1986. ಪಿಂಚಣಿಗಾಗಿ ಕಚೇರಿಯಿಂದ ಕಚೇರಿಗೆ ಅಲೆಯುವ ತಬರ ಶೆಟ್ಟಿ. ಹೆಂಡತಿ ಅಪ್ಪಿಯ ಕಾಲು ಸಕ್ಕರೆ ಕಾಯಿಲೆಯಿಂದ ಕೊಳೆಯುತ್ತದೆ. ಆಸ್ಪತ್ರೆಗೆ ದುಡ್ಡಿಲ್ಲ. ಕಟುಕನ ಹತ್ತಿರ ಹೋಗಿ ಕಾಲು ಕಡಿದುಕೊಡು ಅಂತ ಕೇಳುತ್ತಾನೆ. ಅವನಿಗೆ ಅದು ಪೂರ್ತಿ ಸರಿಯಾದ ದಾರಿ. ನೋಡುವವರಿಗೆ ಕ್ಷಣಮಾತ್ರ ನಗು ಬಂದು, ಮರುಕ್ಷಣ ನಕ್ಕದ್ದಕ್ಕೆ ನಾಚಿಕೆಯಾಗುತ್ತದೆ. ಚಾರುಹಾಸನ್ ಅವರಿಗೆ ರಾಷ್ಟ್ರಪ್ರಶಸ್ತಿ, ಚಿತ್ರಕ್ಕೆ ಸ್ವರ್ಣಕಮಲ. ತೇಜಸ್ವಿಯವರ ಗದ್ಯದಲ್ಲಿ ಈ ಎರಡೂ ಒಟ್ಟಿಗೆ ಇರುತ್ತವೆ. ಕಾಸರವಳ್ಳಿ ನಗುವನ್ನು ಕಡಿಮೆ ಮಾಡಿ ನೋವನ್ನು ಮುಂದಿಟ್ಟರು. ಅದು ಅವರ ದಾರಿ, ನನಗೆ ಗೌರವ ಉಂಟು. ಆದರೆ ಕಥೆ ಓದುವಾಗ ಬರುವ ಆ ಹಾಳು ನಗು ಸಿನಿಮಾದಲ್ಲಿ ಇನ್ನಷ್ಟು ಬೇಕಿತ್ತು ಅಂತ ಪ್ರತಿ ಸಲವೂ ಅನಿಸುತ್ತದೆ.

ಈಚಿನವುಗಳಲ್ಲಿ ಎರಡನ್ನು ಜೊತೆಯಲ್ಲೇ ನೋಡಬೇಕು. ರಾಮ್ ರೆಡ್ಡಿಯವರ 'ತಿಥಿ', ಲೀಜೊ ಜೋಸ್ ಪೆಲ್ಲಿಶ್ಶೇರಿಯವರ 'ಈ.ಮ.ಯೌ'. ಎರಡೂ ಸಾವಿನಿಂದ ಹುಟ್ಟುವ ಕಥೆ. ತಿಥಿಯಲ್ಲಿ 101 ವರ್ಷದ ಸೆಂಚುರಿ ಗೌಡ ಸಾಯುತ್ತಾನೆ. ಮಗ ಗಡ್ಡಪ್ಪನಿಗೆ ಏನೂ ಬೇಡ, ನಡೆಯುತ್ತಾ ಇರುತ್ತಾನೆ. ಮೊಮ್ಮಗ ತಮ್ಮಣ್ಣನಿಗೆ ಜಮೀನು ಬೇಕು, ಅದಕ್ಕೆ ಬದುಕಿರುವ ಅಪ್ಪ ಸತ್ತ ಅಂತ ಸುಳ್ಳು ಕಾಗದ ಮಾಡಿಸುತ್ತಾನೆ. ಮಂಡ್ಯ ಕಡೆಯ ಹಳ್ಳಿಯವರೇ ನಟರು. ಈ.ಮ.ಯೌನಲ್ಲಿ ಮಗ ಈಶಿ ಅಪ್ಪನಿಗೆ ಭರ್ಜರಿ ಶವಸಂಸ್ಕಾರದ ಮಾತು ಕೊಟ್ಟಿರುತ್ತಾನೆ, ಅಪ್ಪ ಅದೇ ರಾತ್ರಿ ಸಾಯುತ್ತಾನೆ, ಆಮೇಲೆ ಮಳೆ, ಗಾಳಿಮಾತು, ಪಾದ್ರಿ, ಪೊಲೀಸ್, ಒಡೆಯುವ ಪೆಟ್ಟಿಗೆ. ಒಂದರಲ್ಲಿ ಸಾವು ತೀರ ಹಗುರ, ಇನ್ನೊಂದರಲ್ಲಿ ಹೊರಲಾರದಷ್ಟು ಭಾರ. ನಗು ಎರಡರಲ್ಲೂ ಉಂಟು.

ಮುಳ್ಳೇರಿಯ

ಮೇಷ್ಟ್ರೇ, 'ವಿಧೇಯನ್' ಬಿಟ್ಟಿರಿ. ಪಾಲ್ ಜಕರಿಯಾ ಅವರ ಕಿರುಕಾದಂಬರಿಯಿಂದ ಅಡೂರ್ ಗೋಪಾಲಕೃಷ್ಣನ್ ಮಾಡಿದ್ದು. ನಡೆಯುವುದು ನಮ್ಮ ಗಡಿಯ ಆಚೆ, ದಕ್ಷಿಣ ಕನ್ನಡದ ಕಾಡಂಚಿನಲ್ಲಿ. ಮಮ್ಮುಟ್ಟಿ ಭಾಸ್ಕರ ಪಟೇಲರ್. ಕನ್ನಡ ಬೆರೆತ ಆ ಮಲೆಯಾಳ ನಮ್ಮ ಕಿವಿಗೆ ಎಷ್ಟು ಹತ್ತಿರ! ಪಟೇಲಿಕೆ ಹೋಗಿ ಎಷ್ಟೋ ಕಾಲವಾದರೂ ದರ್ಪ ಹೋಗಿಲ್ಲ. ವಲಸೆ ಬಂದ ತೊಮ್ಮಿ ಒದೆ ತಿಂದು, ಹೆಂಡತಿಯನ್ನೂ ಕಳೆದುಕೊಂಡ ಹಾಗಾಗಿ, ಕೊನೆಗೆ ಅವಳ ಮೈಯಿಂದ ಬರುವ ಪಟೇಲರ ಸೆಂಟಿನ ಪರಿಮಳ ತನಗೆ ಇಷ್ಟ ಅನ್ನುತ್ತಾನೆ. ಅದಕ್ಕಿಂತ ಕತ್ತಲೆಯ ನಗು ನಾನು ನೋಡಿಲ್ಲ. ನಕ್ಕವರಿಗೂ ಮೈ ಜುಮ್ಮೆನ್ನುತ್ತದೆ. ಅಲ್ಲಿ ಮಾಯೆಯೂ ಉಂಟು: ದೇವಸ್ಥಾನದ ಮೀನುಗಳನ್ನು ಪಟೇಲರಿಗೆ ಕೊಲ್ಲಲು ಆಗುವುದಿಲ್ಲ. ಯಾಕೆ ಆಗುವುದಿಲ್ಲ ಅಂತ ಅಡೂರ್ ಹೇಳುವುದಿಲ್ಲ.

ಉಪ್ಪಳ ಗೇಟ್

ಕಥೆಯಿಂದ ತೆರೆಗೆ ಅಂದರೆ ಕುಬ್ರಿಕ್‌ನ 'ಡಾಕ್ಟರ್ ಸ್ಟ್ರೇಂಜ್‌ಲವ್' ಕೂಡ ಇಲ್ಲಿ ಸೇರಬೇಕು, 1964. ಪೀಟರ್ ಜಾರ್ಜ್ ಬರೆದ ಮೂಲ ಕಾದಂಬರಿ 'ರೆಡ್ ಅಲರ್ಟ್' ಪೂರ್ತಿ ಗಂಭೀರ. ಕುಬ್ರಿಕ್ ಕೂಡ ಹಾಗೆಯೇ ಶುರು ಮಾಡಿದ್ದು, ಬರೆಯುತ್ತಾ ಹೋದ ಹಾಗೆ ಅಣುಯುದ್ಧದ ತರ್ಕವೇ ನಗು ಬರುವಂಥದ್ದು ಅಂತ ಕಂಡು ದಾರಿ ಬದಲಿಸಿದರು. ಪೀಟರ್ ಸೆಲ್ಲರ್ಸ್‌ಗೆ ಮೂರು ಪಾತ್ರ. ಮೂಲಕ್ಕೆ ನಿಷ್ಠೆ ಅಂತ ಕೂತಿದ್ದರೆ ಈ ಸಿನಿಮಾ ಆಗುತ್ತಿರಲಿಲ್ಲ. ಮೇಷ್ಟ್ರು ತಬರನ ಕಥೆ ಬಗ್ಗೆ ಹೇಳಿದ್ದಕ್ಕೆ ಇದು ತಿರುಗುಮುರುಗು.

ಮಡಕಶಿರ ಕನ್ನಡಿಗ

ನಾನು ಕಾಸರಗೋಡಿನವನಲ್ಲ, ಆಂಧ್ರದ ಗಡಿಯವನು. ನೀವು ಮಲಯಾಳ ನೋಡಿದ ಹಾಗೆ ನಾವು ತೆಲುಗು ನೋಡಿ ಬೆಳೆದವರು. ನಮಗೆ ಮಾಯೆಯ ಸಿನಿಮಾ ಅಂದರೆ 'ಮಾಯಾಬಜಾರ್', 1957, ಕೆ.ವಿ. ರೆಡ್ಡಿ. ಎಸ್.ವಿ. ರಂಗರಾವ್ ಘಟೋತ್ಕಚ. ಅವನು ಶಶಿರೇಖೆಯ ರೂಪ ಹೊತ್ತಾಗ ಸಾವಿತ್ರಿ ಏನು ಮಾಡುತ್ತಾರೆ ನೋಡಿ. ಹುಡುಗಿಯ ಮೈ, ರಂಗರಾವ್ ಅವರ ಗತ್ತು, ನಡಿಗೆ, ಆ ಕಣ್ಣು. ಯಾವ ಯಂತ್ರದ ಸಹಾಯವೂ ಇಲ್ಲದ ಮಾಯೆ ಅದು. ಮಾರ್ಕಸ್ ಬಾರ್ಟ್ಲಿ ಕ್ಯಾಮೆರಾದ ಚಮತ್ಕಾರ ಬೇಕಾದಷ್ಟು ಇದ್ದರೂ ನನಗೆ ಸಾವಿತ್ರಿಯವರದೇ ದೊಡ್ಡದು. ನಿಮ್ಮ ಕಡೆ ಈ ಕಥೆ ಇದೆಯಾ?

ಕುಂಬಳೆ ಸೀಮೆ

ಇದೆಯಾ ಅಂತ ಕೇಳ್ತೀರಲ್ಲ! ಯಕ್ಷಗಾನದಲ್ಲಿ 'ಕನಕಾಂಗಿ ಕಲ್ಯಾಣ' ಅಂತ ಅದೇ ಕಥೆ. ಬಲರಾಮನ ಮಗಳು ಇಲ್ಲಿ ಕನಕಾಂಗಿ. ಅಭಿಮನ್ಯು, ಘಟೋತ್ಕಚ, ಮಾಯೆಯ ಹುಡುಗಿ, ಎಲ್ಲ ಉಂಟು. ರಾಕ್ಷಸನ ಬಣ್ಣದ ವೇಷ ಅಬ್ಬರಿಸಿ ಬಂದರೆ ಮುಂದಿನ ಸಾಲಿನ ಮಕ್ಕಳು ಅಮ್ಮನ ಸೆರಗು ಹಿಡಿಯುತ್ತಾರೆ, ಅದೇ ಹೊತ್ತಿಗೆ ಹಾಸ್ಯಗಾರ ಪಕ್ಕದಲ್ಲಿ ನಿಂತು ಒಂದು ಮಾತು ಬಿಟ್ಟರೆ ಸಭೆ ನಗುತ್ತದೆ. ಯಕ್ಷಗಾನ ಕವಿ ಪಾರ್ತಿಸುಬ್ಬನ ಊರಿನವರು ನಾವು, ಇದನ್ನು ಯಾರೂ ನಮಗೆ ಕಲಿಸಬೇಕಾಗಿಲ್ಲ.

ಈ ಚರ್ಚೆ ಓದುತ್ತಾ ನನಗೆ ಅನಿಸಿದ್ದು ಹೇಳುತ್ತೇನೆ. ಭಯ ಒಂದು ಕಡೆ, ನಗು ಇನ್ನೊಂದು ಕಡೆ ಅಂತ ಬೇರೆ ಮಾಡುವುದು ನಮ್ಮ ನೆಲದ ಕ್ರಮವೇ ಅಲ್ಲ. ಪೊಟ್ಟನ್ ತೆಯ್ಯಂ ನೋಡಿದವರಿಗೆ ಗೊತ್ತು. ಜಾತಿಯ ಹೆಸರಲ್ಲಿ ದಾರಿ ಬಿಡು ಅಂದ ಶಂಕರಾಚಾರ್ಯರನ್ನು ಪ್ರಶ್ನೆ ಕೇಳಿ ನಿಲ್ಲಿಸಿದ ದೈವ ಅದು. ನಿಗಿನಿಗಿ ಕೆಂಡದ ರಾಶಿಯ ಮೇಲೆ ಮಲಗಿ ಚಳಿ ಆಗುತ್ತದೆ ಅನ್ನುತ್ತದೆ. ನಿಂತವರು ನಗುತ್ತಾರೆ. ನಗುತ್ತಾ ಇರುವಾಗಲೇ ಕೈ ಮುಗಿಯುತ್ತಾರೆ. ಆ ನಗುವಿನ ಒಳಗೆ ಎಷ್ಟು ಸಿಟ್ಟು ಉಂಟು! ಪಂಚವಡಿ ಪಾಲಂ ಆಗಲಿ ವಿಧೇಯನ್ ಆಗಲಿ ನಮಗೆ ಬೇಗ ತಾಗುವುದು ಇದಕ್ಕೇ. 1984ರ 'ಮೈ ಡಿಯರ್ ಕುಟ್ಟಿಚ್ಚಾತ್ತನ್' ಕೂಡ ಹಾಗೆಯೇ. ದೇಶದ ಮೊದಲ ತ್ರೀಡಿ ಸಿನಿಮಾ ಅಂತ ಎಲ್ಲರೂ ಕನ್ನಡಕದ ಬಗ್ಗೆ ಮಾತಾಡುತ್ತಾರೆ. ಆದರೆ ಮಂತ್ರವಾದಿಯ ಕೈಯಲ್ಲಿ ಸಿಕ್ಕಿಬಿದ್ದ ಚಾತನ್ ಎಂಬ ದೈವ ಮಕ್ಕಳ ಗೆಳೆಯನಾಗುವುದು ನಮಗೆ ವಿಚಿತ್ರ ಅಂತ ಅನಿಸಲೇ ಇಲ್ಲ. ಮನೆಯಲ್ಲಿ ದೈವಕ್ಕೆ ಇಡುವ ನಾವು ದೈವದ ಜೊತೆ ಜಗಳವೂ ಆಡುತ್ತೇವಲ್ಲ.

ಪಯಸ್ವಿನಿ

ಪೊಟ್ಟನ್ ಹೇಳಿದ್ದು ಸರಿಯಾಯಿತು. ಅದಕ್ಕೆ ನೇರ ಸಂಬಂಧ ಇರುವ ಹೊಸ ಸಿನಿಮಾ ಒಂದು ಸೇರಿಸುತ್ತೇನೆ, 'ನ್ನಾ ತಾನ್ ಕೇಸ್ ಕೊಡ್', 2022, ರತೀಶ್ ಬಾಲಕೃಷ್ಣನ್ ಪೊದುವಾಳ್. ನಮ್ಮ ಜಿಲ್ಲೆಯ ಕಥೆ. ಕಳ್ಳ ಅಂತ ಹಣೆಪಟ್ಟಿ ಇರುವವನು ರಸ್ತೆಯ ಗುಂಡಿ ತಪ್ಪಿಸಲು ಹೋದ ಆಟೋದಿಂದ ಪಾರಾಗಲು ಗೋಡೆ ಹಾರಿದಾಗ ಶಾಸಕರ ಮನೆಯ ನಾಯಿ ಕಚ್ಚುತ್ತದೆ, ಅವನು ರಸ್ತೆಯ ಗುಂಡಿಗೆ ಮಂತ್ರಿಯೇ ಹೊಣೆ ಅಂತ ಕೇಸು ಹಾಕುತ್ತಾನೆ. ಮ್ಯಾಜಿಸ್ಟ್ರೇಟ್ ಆಗಿ ಪಿ.ಪಿ. ಕುಞ್ಞಿಕೃಷ್ಣನ್, ನಮ್ಮ ಕಡೆಯ ಮೇಷ್ಟ್ರು, ರಾಜ್ಯಪ್ರಶಸ್ತಿ ಪಡೆದರು. ಕಾನೂನಿನ ಮುಂದೆ ಪೆದ್ದನ ಹಾಗೆ ನಿಂತು ಪ್ರಶ್ನೆ ಕೇಳುವುದು ಪೊಟ್ಟನ್‌ನ ಕ್ರಮವೇ.

ಸೀತಾಂಗೋಳಿ

'ಭ್ರಮಯುಗಂ' ಬಗ್ಗೆ ಯಾರೂ ಮಾತಾಡಲಿಲ್ಲ. 2024ರಲ್ಲಿ ಕಪ್ಪು ಬಿಳುಪಿನಲ್ಲಿ ಮಾಡುವ ಧೈರ್ಯ! ಮಮ್ಮುಟ್ಟಿ ಪಗಡೆ ಆಡಿ ಎದುರಿನವನ ಆಯುಸ್ಸಿನ ಸಮಯವನ್ನೇ ಗೆಲ್ಲುತ್ತಾರೆ. ನಗುವಾಗ ಹೆದರಿಕೆ, ಕೂತು ಮಾಂಸ ತಿನ್ನುವಾಗ ಇನ್ನೂ ಹೆದರಿಕೆ. ಹತ್ತು ವರ್ಷ ಬಿಟ್ಟು ನೋಡಿದರೂ ಇದು ನಿಲ್ಲುತ್ತದೆ ಅಂತ ನನ್ನ ನಂಬಿಕೆ.

ಉಪ್ಪಳ ಗೇಟ್

ನಿಲ್ಲುತ್ತದೆ. ಆದರೆ ಚಾತನ್ ಯಾರು, ಹೇಗೆ ಬಂದ ಅಂತ ಬಾಯಿಬಿಟ್ಟು ಹೇಳುವ ಭಾಗ ನನಗೆ ಸ್ವಲ್ಪ ಜಾಸ್ತಿಯಾಯಿತು. ಬದಿಯಡ್ಕದವರ ಗಾಳಿ ನನಗೂ ಬೀಸಿತು ಅಂತ ಕಾಣುತ್ತದೆ. ಮಣಿಚಿತ್ರತ್ತಾಳ್ ಮಾತ್ರ ಬಿಟ್ಟುಕೊಡುವುದಿಲ್ಲ.

ಮಡಕಶಿರ ಕನ್ನಡಿಗ

ನನ್ನ ಕಷ್ಟ ಕೇಳಿ. ಇಷ್ಟೊಂದು ಮಲಯಾಳ ಸಿನಿಮಾ ಹೇಳಿದಿರಿ, ನನಗೆ ಒಂದು ಮಾತೂ ಬರುವುದಿಲ್ಲ. ಪಂಚವಡಿ ಪಾಲಂ ನೋಡಬೇಕು ಅಂತ ಆಸೆ ಹತ್ತಿದೆ. ಅದು ಮಾತಿನ ಮೇಲೇ ನಿಂತ ಸಿನಿಮಾ ಅಂತ ಕಾಣುತ್ತದೆ, ಸುಮ್ನೆ ಚಿತ್ರ ನೋಡಿದರೆ ಏನೂ ಸಿಗುವುದಿಲ್ಲ ಅಲ್ವಾ?

ಮಂಜೇಶ್ವರದ ಮೇಷ್ಟ್ರು

ಹೌದು, ಅದು ಪೂರ್ತಿ ಮಾತು. ಕುಮ್ಮಾಟ್ಟಿಗೆ ಭಾಷೆ ಬೇಡ, ನೀವು ಇವತ್ತೇ ನೋಡಬಹುದು. ಪಂಚವಡಿಗೆ ಬೇಕು. ನಾನು ದೃಶ್ಯದ ಪ್ರಕಾರ ಕನ್ನಡದಲ್ಲಿ ಸಾರ ಬರೆದು ಇಲ್ಲಿ ಹಾಕುತ್ತೇನೆ, ಭಾನುವಾರದಿಂದ ಶುರು. ಪಯಸ್ವಿನಿಯವರೇ, ಗ್ರಾಮಸಭೆಯ ಜಗಳದ ಭಾಗ ನೀವು ಮಾಡಿಕೊಡಿ, ನನಗೆ ಅಷ್ಟು ವೇಗವಾಗಿ ಆಗುವುದಿಲ್ಲ.

ಪಯಸ್ವಿನಿ

ಮಾಡುತ್ತೇನೆ. ಮಂಡೋದರಿಯ ಮಾತುಗಳನ್ನೂ ನನಗೇ ಬಿಡಿ, ಶ್ರೀವಿದ್ಯಾ ಅವರ ಒಂದು ಸಾಲೂ ತಪ್ಪಿಹೋಗಬಾರದು.